ಜಾಹೀರಾತಿನ ಇಳಕಲ್ ಸೀರೆ: ಅಸಲಿ ಅಂಗಡಿ ಯಾವುದು?

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಒಂದು ವಿಡಿಯೊ ಪದೇ ಪದೇ ಬರುತ್ತಿದೆ. ಇಳಕಲ್‌ನ ವೃದ್ಧ ನೇಕಾರ ದಂಪತಿ 45 ವರ್ಷದ ಅಂಗಡಿ ಮುಚ್ಚುತ್ತಿದ್ದಾರಂತೆ. 6,500 ರೂಪಾಯಿಯ ಶುದ್ಧ ರೇಷ್ಮೆ ಸೀರೆ 899ಕ್ಕೆ, ‘ಇವತ್ತು ಮಾತ್ರ’ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಂಬಬೇಡಿ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೂ ಶುದ್ಧ ರೇಷ್ಮೆಯಾಗಿರುವ ಸೀರೆಗೆ ಬರೀ ನೂಲಿನ ಖರ್ಚೇ 899 ದಾಟುತ್ತದೆ. ಬಣ್ಣ, ನೇಯ್ಗೆಯ ಕೂಲಿ ಆಮೇಲಿನ ಮಾತು. ಅಂಗಡಿ ಮುಚ್ಚುವವರು ಇದ್ದ ಸರಕನ್ನು ಸುತ್ತಲಿನ ವ್ಯಾಪಾರಿಗಳಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆಯೇ ಹೊರತು, ದುಡ್ಡು ಸುರಿದು ತಿಂಗಳುಗಟ್ಟಲೆ ಜಾಹೀರಾತು ಓಡಿಸುವುದಿಲ್ಲ.

ಎಷ್ಟು ದಿನದಿಂದ ಓಡುತ್ತಿದೆ ಎಂದು ನೀವೇ ನೋಡಬಹುದು. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ‘ಆಡ್ ಲೈಬ್ರರಿ’ ಎಂಬ ಪುಟ ಎಲ್ಲರಿಗೂ ಮುಕ್ತ. ದೇಶ ‘ಇಂಡಿಯಾ’ ಎಂದು ಆರಿಸಿ, ಅಂಗಡಿಯ ಹೆಸರು ಹಾಕಿದರೆ ಈಗ ಓಡುತ್ತಿರುವ ಜಾಹೀರಾತುಗಳೆಲ್ಲ ಶುರುವಾದ ದಿನಾಂಕದ ಸಮೇತ ಬರುತ್ತವೆ. ‘ಇವತ್ತು ಮಾತ್ರ’ ಎಂದಿದ್ದು ಮೂರು ವಾರದಿಂದ ಓಡುತ್ತಿದ್ದರೆ ಸುಳ್ಳು ಅಲ್ಲೇ ಸಿಕ್ಕಿತು. ಒಂದೇ ಪುಟ ಇವತ್ತು ಇಳಕಲ್, ನಿನ್ನೆ ಬನಾರಸ್, ಮೊನ್ನೆ ಜೈಪುರದ ಅಂಗಡಿ ಮುಚ್ಚುತ್ತಿರುವುದೂ ಅಲ್ಲೇ ಕಾಣುತ್ತದೆ. ಇಂಥ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ.

ಆಮೇಲೆ ಇನ್‌ಸ್ಟಾಗ್ರಾಂ ಖಾತೆಗೆ ಹೋಗಿ ಮೇಲಿನ ಮೂರು ಚುಕ್ಕೆ ಒತ್ತಿ, ‘ಅಬೌಟ್ ದಿಸ್ ಅಕೌಂಟ್’ ತೆರೆಯಿರಿ. ಖಾತೆ ಯಾವಾಗ ಶುರುವಾಯಿತು ಎಂಬುದು ಅಲ್ಲಿರುತ್ತದೆ, ಹಲವು ಖಾತೆಗಳಲ್ಲಿ ಯಾವ ದೇಶದ್ದು, ಹಿಂದೆ ಎಷ್ಟು ಸಲ ಹೆಸರು ಬದಲಾಯಿತು ಎಂಬುದೂ ಇರುತ್ತದೆ. 45 ವರ್ಷದ ಅಂಗಡಿಯ ಖಾತೆ ಹೊಸದಾಗಿರುವುದು ತಪ್ಪಲ್ಲ. ಆದರೆ ಅದೇ ಖಾತೆ ಹೋದ ವರ್ಷ ಮೊಬೈಲ್ ಕವರ್ ಮಾರುತ್ತಿದ್ದರೆ?

ವಿಡಿಯೊವನ್ನು ನಿಲ್ಲಿಸಿ, ಹಿಂದಿನ ಬೋರ್ಡು ಓದಿ. ಎಐ (ಕೃತಕ ಬುದ್ಧಿಮತ್ತೆ) ಸೃಷ್ಟಿಸಿದ ಚಿತ್ರಗಳಲ್ಲಿ ಕನ್ನಡ ಅಕ್ಷರ ಬಹಳ ಸಲ ಕೆಡುತ್ತದೆ. ಒತ್ತಕ್ಷರ ತೇಲುತ್ತಿರುತ್ತದೆ, ಕೊಂಬು ಎಲ್ಲೋ ಹೋಗಿರುತ್ತದೆ. ಮಗ್ಗದ ಮೇಲಿನ ದಡಿಯ ವಿನ್ಯಾಸ ಎರಡು ಗೇಣು ದಾಟುವುದರೊಳಗೆ ಬೇರೆಯಾಗಿರುತ್ತದೆ. ಸೀರೆಯ ಫೋಟೊ ಮಾತ್ರ ಇದ್ದರೆ ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ಫೋಟೊ ಹತ್ತು ಜಾಲತಾಣಗಳಲ್ಲಿ ಹತ್ತು ಬೆಲೆಗೆ ಸಿಕ್ಕರೆ ಸೀರೆ ಅವರ ಕೈಯಲ್ಲಿಲ್ಲ ಎಂದೇ ತಿಳಿಯಿರಿ.

ಪ್ರಶ್ನೆ: ನೇಕಾರರೊಬ್ಬರು ವಾಟ್ಸಾಪ್‌ನಲ್ಲೇ ಸೀರೆ ಮಾರುತ್ತಾರೆ. ಜಿಎಸ್‌ಟಿ ನಂಬರ್ ಇಲ್ಲ, ಜಾಲತಾಣವಿಲ್ಲ, ಯುಪಿಐ ಸ್ವಂತ ಹೆಸರಿನಲ್ಲಿದೆ. ಇದು ಮೋಸವೇ ಇರಬೇಕು ಎಂದು ನನ್ನ ಅಕ್ಕ ಹೇಳುತ್ತಾರೆ.
– ಓದುಗರು, ಶಿವಮೊಗ್ಗ

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ರಾಜ್ಯದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಮನೆಯಲ್ಲಿ ಒಂದೆರಡು ಮಗ್ಗ ಇಟ್ಟುಕೊಂಡವರ ಬ್ಯಾಂಕ್ ಖಾತೆ ಸ್ವಂತ ಹೆಸರಿನಲ್ಲಿರುವುದೇ ಸಹಜ. ಕಾಗದ ಇಲ್ಲವೆಂದು ಇಂಥವರನ್ನು ದೂರ ಮಾಡಿ, ಹೊಳೆಯುವ ಜಾಲತಾಣ ನಂಬಿದರೆ ನಷ್ಟ ಇಬ್ಬರಿಗೂ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಮಾತ್ರ ಬಿಡದೆ ಪರೀಕ್ಷಿಸಿ. ಅದು 15 ಅಕ್ಷರಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಆರನೆಯ ಅಕ್ಷರ ‘ಪಿ’ ಇದ್ದರೆ ನೋಂದಣಿ ವ್ಯಕ್ತಿಯ ಹೆಸರಿನಲ್ಲಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಇದ್ದರೆ ಕಂಪನಿ. ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿದರೆ ಹೆಸರು, ನೋಂದಣಿಯ ದಿನಾಂಕ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಬೇರೆಯವರ ನಂಬರ್ ಕದ್ದು ಹಾಕುವವರಿದ್ದಾರೆ, ಆದ್ದರಿಂದ ಅಲ್ಲಿನ ಹೆಸರು, ಊರು ಅಂಗಡಿಯದಕ್ಕೆ ಹೊಂದಬೇಕು.

ನಿಮ್ಮ ನೇಕಾರರಿಗೆ ಫೋನ್ ಮಾಡಿ ಮೂರು ಕೇಳಿ. ಒಡಲಿನ ನೂಲು ಯಾವುದು, ಸೆರಗಿನದು ಯಾವುದು? ಒಡಲು, ಸೆರಗು ಕೂಡುವ ಜಾಗವನ್ನು ಎರಡೂ ಮಗ್ಗುಲಿಂದ ವಿಡಿಯೊದಲ್ಲಿ ತೋರಿಸುತ್ತೀರಾ? ಕೈಬರಹದ್ದಾದರೂ ಸರಿ, ಬಿಲ್ ಕೊಡುತ್ತೀರಾ? ನೇಯುವವರಿಗೆ ಇದಕ್ಕೆ ಯೋಚಿಸಬೇಕಾದದ್ದೇ ಇಲ್ಲ. ಹಣ ಕಳಿಸುವಾಗ ಪರದೆಯಲ್ಲಿ ಬರುವ ಬ್ಯಾಂಕ್ ಹೆಸರು ಬಿಲ್ಲಿನ ಹೆಸರಿಗೆ ತಾಳೆಯಾಗಬೇಕು. ಮೊದಲ ಸಲ ಒಂದೇ ಸೀರೆ ತರಿಸಿ.

ಪ್ರಶ್ನೆ: ಸೀರೆ ಕೈಗೆ ಬಂದ ಮೇಲೆ ಪರೀಕ್ಷೆ ಹೇಗೆ? ದಾರ ಸುಟ್ಟು ನೋಡಿದರೆ ಸಾಕೇ?
– ಓದುಗರು, ಮುಂಬೈ

ಉತ್ತರ: ಸುಡಬಹುದು, ಆದರೆ ದಾರ ಎಲ್ಲಿಂದ ತೆಗೆಯುತ್ತೀರಿ ಎಂಬುದು ಮುಖ್ಯ. ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ಕೂಡಿಸುವುದಕ್ಕೇ ಟೋಪ್ ತೆನಿ ಎನ್ನುವುದು. ಹೀಗಾಗಿ ಸೆರಗಿನ ಕುಚ್ಚಿನ ದಾರ ಸುಟ್ಟರೆ ಸೆರಗಿನ ಸಂಗತಿಯಷ್ಟೇ ತಿಳಿಯುತ್ತದೆ. ಒಡಲಿನದಕ್ಕೆ ಸೀರೆಯ ಇನ್ನೊಂದು ತುದಿಯಿಂದ ಉದ್ದದ ಒಂದು, ಅಡ್ಡದ ಒಂದು ಎಳೆ ತೆಗೆಯಿರಿ.

ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಡಿ. ರೇಷ್ಮೆ ನಿಧಾನ ಉರಿದು ಕೂದಲು ಸುಟ್ಟ ವಾಸನೆ ಕೊಡುತ್ತದೆ, ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ನೇಕಾರರು ಚಮಕ ಎನ್ನುವ ಕೃತಕ ರೇಷ್ಮೆ ರೇಯಾನ್ ಆಗಿದ್ದರೆ ಅದೂ ಕಾಗದದಂತೆಯೇ. ಹತ್ತಿ, ಚಮಕ ಸಿಕ್ಕಿತೆಂದು ಸೀರೆ ನಕಲಿಯಲ್ಲ. ಇಳಕಲ್‌ನಲ್ಲಿ ಅವೂ ಸಾಂಪ್ರದಾಯಿಕವಾಗಿ ನೇಯುವ ಬಗೆಗಳೇ. ಶುದ್ಧ ರೇಷ್ಮೆ ಎಂದು ಹೇಳಿ ಅದನ್ನು ಕೊಟ್ಟರೆ ಮೋಸ.

ಸುಡುವುದಕ್ಕೂ ಮೊದಲು ಸೆರಗಿನ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಟೋಪ್ ತೆನಿಯಲ್ಲಿ ಒಡಲಿನ ಎಳೆ ಅಲ್ಲಿಗೆ ಮುಗಿದು ಸೆರಗಿನ ಬಣ್ಣದ ಎಳೆ ಶುರುವಾಗುತ್ತದೆ, ಕೂಡಿದ ಸಾಲು ಬೆರಳಿಗೆ ತಾಗುತ್ತದೆ. ಪ್ರಿಂಟ್ ಮಾಡಿದ ನಕಲಿಯಲ್ಲಿ ಎಳೆ ಒಂದೇ, ಬಣ್ಣ ಮಾತ್ರ ಬದಲಾಗಿರುತ್ತದೆ, ಹಿಂಬದಿ ಮಾಸಲು.

ಪ್ರಶ್ನೆ: ಖಾತೆಗೆ ನೀಲಿ ಟಿಕ್ ಇದ್ದರೆ ನಂಬಬಹುದಲ್ಲವೇ?
– ಓದುಗರು, ತುಮಕೂರು

ಉತ್ತರ: ಇಲ್ಲ. ಅದು ಈಗ ತಿಂಗಳ ಚಂದಾ ಕಟ್ಟಿಯೂ ಸಿಗುತ್ತದೆ. ಖಾತೆ ಯಾರದ್ದೆಂದು ಹೇಳಬಹುದು, ಸರಕು ಎಂಥದ್ದೆಂದು ಹೇಳದು.

ಪ್ರಶ್ನೆ: ಕ್ಯಾಶ್ ಆನ್ ಡೆಲಿವರಿ ಕೊಟ್ಟು ಮೋಸಹೋಗಿದ್ದೇನೆ. ಬಂದದ್ದು ಪಾಲಿಯೆಸ್ಟರ್. ಏನು ಮಾಡಲಿ?
– ಓದುಗರು, ರಾಯಚೂರು

ಉತ್ತರ: ಪೊಟ್ಟಣ ಎಸೆಯಬೇಡಿ. ಮೇಲಿನ ಚೀಟಿಯಲ್ಲಿ ಕಳಿಸಿದವರ ಹೆಸರು, ವಾಪಸ್ ವಿಳಾಸ, ಎಡಬ್ಲ್ಯುಬಿ ಸಂಖ್ಯೆ (ಕೊರಿಯರ್‌ನವರು ಪೊಟ್ಟಣಕ್ಕೆ ಕೊಡುವ ಗುರುತಿನ ಸಂಖ್ಯೆ) ಇರುತ್ತವೆ. ಇಳಕಲ್ ಎಂದ ಅಂಗಡಿಯ ವಾಪಸ್ ವಿಳಾಸ ಬೇರೆ ರಾಜ್ಯದ ಗೋದಾಮಾಗಿದ್ದರೆ ಆ ಚೀಟಿಯೇ ಸಾಕ್ಷಿ. ಕೊರಿಯರ್‌ನವರು ವಸೂಲಿ ಮಾಡಿದ ಹಣವನ್ನು ಸಾಮಾನ್ಯವಾಗಿ ಕೆಲವು ದಿನ ಬಿಟ್ಟು ಮಾರಾಟಗಾರನಿಗೆ ಕಳಿಸುತ್ತಾರೆ. ಅದೇ ದಿನ ಎಡಬ್ಲ್ಯುಬಿ ಸಂಖ್ಯೆ ಹಾಕಿ ಅವರಿಗೆ ಇಮೇಲ್ ಮಾಡಿ, ಹಣ ತಡೆಹಿಡಿಯಲು ಕೇಳಿ. ಖಂಡಿತ ಸಿಗುತ್ತದೆ ಎನ್ನಲಾಗದು, ತಡವಾದರೆ ಸಿಗುವ ದಾರಿಯೇ ಮುಚ್ಚುತ್ತದೆ.

ಜಾಹೀರಾತಿನ, ಸರಕಿನ ಪುಟದ ಸ್ಕ್ರೀನ್‌ಶಾಟ್ ಜೋಡಿಸಿ ಮಾರಾಟಗಾರನಿಗೆ ಲಿಖಿತ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದೇವೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಯುಪಿಐ, ಕಾರ್ಡ್‌ನಲ್ಲಿ ಹಣ ಕಳೆದುಕೊಂಡವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗ್ರಾಹಕ ಆಯೋಗಕ್ಕೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ.

ಈ ನಡುವೆ ‘ರಿಫಂಡ್ ವಿಭಾಗ’ದಿಂದ ಎಂದು ಕರೆ ಬಂದು ಕ್ಯೂಆರ್ ಕೋಡ್ ಕಳಿಸಿದರೆ ಸ್ಕ್ಯಾನ್ ಮಾಡಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ.