ಚರ್ಚಿನ ಸಭಾಪಾಲಕನಾಗಿ ವಾರಕ್ಕೊಂದು ದಿನ ರಜೆ ಕೇಳೋದು ತಪ್ಪಾ?

ಸಹೋದರರೇ, ಐದು ವರ್ಷದಿಂದ ಒಂದು ದಿನವೂ ಬಿಡುವಿಲ್ಲ, ಪ್ರಾರ್ಥನೆಗೆ ಕೂತರೂ ಮನಸ್ಸು ಬರಿದು, ರಜೆ ಕೇಳಿದರೆ ಸಭೆಯವರು ಏನಂದುಕೊಳ್ತಾರೋ ಅಂತ ಬರೆದಿದ್ದೀರಿ. ದಯವಿಟ್ಟು ಕೇಳಿ. ನಾನು ಕೇಳದೇ ಕೆಟ್ಟೆ.

ನನ್ನ ಪಾಲಿಗೆ ಮೂರು ಊರಿನ ಸಭೆಗಳಿದ್ದವು. ಭಾನುವಾರ ಮೂರು ಆರಾಧನೆ. ಆ ಡಿಸೆಂಬರ್‌ನಲ್ಲಿ ರಾತ್ರಿಯೆಲ್ಲ ಕ್ಯಾರಲ್ಸ್, ಹಗಲೆಲ್ಲ ಮನೆ ಭೇಟಿ. ಹಬ್ಬ ಮುಗಿದ ಮೂರನೇ ದಿನ ಒಬ್ಬ ಅಜ್ಜಿಯ ಶವಸಂಸ್ಕಾರ. ಕೈಯಲ್ಲಿ ಹಿಡಿ ಮಣ್ಣು ಹಿಡಿದು ನಿಂತಿದ್ದೇನೆ, ಅವರ ಹೆಸರೇ ಬಾಯಿಗೆ ಬರಲಿಲ್ಲ. ತಿಂಗಳಿಗೊಮ್ಮೆ ಅವರ ಮಂಚದ ಪಕ್ಕ ಕೂತು ಕರ್ತನ ಭೋಜನ ಕೊಟ್ಟವನು ನಾನು! ಮಗಳು ಮೆಲ್ಲಗೆ ಹೆಸರು ಹೇಳಿದರು. ನನಗೆ ದುಃಖವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಹೆದರಿಕೆಯಾಗಿದ್ದು ಅದಕ್ಕೇ.

ಇದಕ್ಕೆ ಬರ್ನ್‌ಔಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಗುರುತು ಮೂರು: ತೀರದ ಸುಸ್ತು, ಕೆಲಸದಿಂದ ಮನಸ್ಸು ದೂರವಾಗೋದು, ಮಾಡಿದ್ದು ಯಾವುದೂ ಸರಿಹೋಗುತ್ತಿಲ್ಲ ಅನ್ನಿಸೋದು. ನಂಬಿಕೆ ಕಡಿಮೆಯಾಯ್ತು ಅಂತ ಅದರಲ್ಲಿ ಎಲ್ಲೂ ಇಲ್ಲ.

ಬೈಬಲಿನ 1 ಅರಸುಗಳು 19ನೇ ಅಧ್ಯಾಯ ಇನ್ನೊಮ್ಮೆ ನಿಧಾನವಾಗಿ ಓದಿ. ಸಾಕು, ಪ್ರಾಣ ತೆಗೆದುಕೋ ಅಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು ಎಬ್ಬಿಸಿದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಲು ಹೇಳಿದ. ದೇವರ ಬೆಟ್ಟ ಹೋರೇಬಿನ ದಾರಿ ಹಿಡಿದದ್ದು ಆಮೇಲೆ.

ಭಾನುವಾರ ನಮಗೆ ದುಡಿಮೆಯ ದಿನ, ಅಲ್ವಾ? ಹಾಗಾಗಿ ನಾನು ಸೋಮವಾರ ಕೇಳಿದೆ. ಅಂದು ಫೋನ್ ಸಭೆಯ ಕಾರ್ಯದರ್ಶಿ ಹತ್ತಿರ. ಸಾವು, ಆಸ್ಪತ್ರೆ ಬಿಟ್ಟು ಬೇರೇನಕ್ಕೂ ಅವರು ನನ್ನನ್ನು ಕರೆಯಲ್ಲ. ಭಾನುವಾರ ಕೊಡುವ ಪ್ರಸಂಗ ಶುಕ್ರವಾರವೇ ಮುಗಿಸುತ್ತೇನೆ. ಮೊದಮೊದಲು ಸುಮ್ನೆ ಕೂತರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು. ನಾಲ್ಕೈದು ವಾರ ಬರೀ ನಿದ್ದೆ ಮಾಡಿದೆ. ಈಗ ಬೆಳಿಗ್ಗೆ ಹಿತ್ತಲಲ್ಲಿ ಅವರೆ ಬಳ್ಳಿಗೆ ನೀರು ಹಾಕುತ್ತೇನೆ, ಮಧ್ಯಾಹ್ನ ಮನೆಯವರ ಜೊತೆ ಕೂತು ಊಟ ಮಾಡುತ್ತೇನೆ.

ನಿದ್ದೆಯೇ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸೋಮವಾರಕ್ಕೆ ಕಾಯಬೇಡಿ. ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ರಜೆ ಕೇಳೋಕೆ ಸಭೆಯ ಕಮಿಟಿ ಮುಂದೆ ಒಬ್ಬರೇ ಹೋಗಬೇಡಿ. ನಿಮ್ಮನ್ನು ಪ್ರೀತಿಸುವ ಒಬ್ಬ ಹಿರಿಯರನ್ನು ಮೊದಲು ಮನೆಗೆ ಕರೆದು, ಇಲ್ಲಿ ನನಗೆ ಬರೆದದ್ದನ್ನೇ ಅವರಿಗೂ ಹೇಳಿ.