ಓದುಗರ ಪ್ರಶ್ನೆ: ಗಿಡ ನೆಟ್ಟಿದ್ದಕ್ಕೆ ಶಾಂತಿ ನೊಬೆಲ್ಲಾ?

ಪ್ರಶ್ನೆ: ಕೀನ್ಯಾದ ವಂಗಾರಿ ಮಾಥಾಯ್ ಅನ್ನೋರಿಗೆ 2004ರಲ್ಲಿ ಶಾಂತಿ ನೊಬೆಲ್ ಬಂತಂತೆ. ಗಿಡ ನೆಡೋದಕ್ಕೂ ಶಾಂತಿಗೂ ಏನ್ ಸಂಬಂಧ? ಅದೂ ಹಳ್ಳಿ ಹೆಂಗಸರೇ ಯಾಕೆ ನೆಟ್ರು?
— ಓದುಗರೊಬ್ಬರು, ಶಿರಾ

ಉತ್ತರ: ಎರಡನೇದು ಮೊದ್ಲು ಹೇಳಿಬಿಡ್ತೀನಿ. ಸೌದೆ ಹೊರೋದು, ನೀರು ತರೋದು, ಹೊಲದ ಕಳೆ ಕೀಳೋದು ಅಲ್ಲೂ ಹೆಂಗಸರದೇ ಕೆಲಸ ಕಣ್ರೀ. ಬ್ರಿಟಿಷರ ಕಾಲದಿಂದ ಕಾಡು ಕಡಿದು ಟೀ, ಕಾಫಿ ತೋಟ ಮಾಡಿದ್ರು, ಪೈನು ನೀಲಗಿರಿ ಹಾಕಿದ್ರು, ಆಮೇಲೆ ಹಳ್ಳ ಬತ್ತೋಯ್ತು, ಮೇಲ್ಮಣ್ಣು ಮಳೇಲಿ ಕೊಚ್ಕೊಂಡು ಹೋಯ್ತು, ಒಂದು ಹೊರೆ ಸೌದೆಗೆ ಎಷ್ಟೋ ದೂರ ನಡೀಬೇಕಾಯ್ತು. ಸೌದೆ ಇಲ್ಲ ಅಂದ್ರೆ ಕಾಳು ಬೇಯಿಸೋದು ಹೆಂಗೆ? ಬೇಗ ಬೇಯೋದನ್ನೇ ಮಾಡಿ ಹಾಕ್ತಾರೆ, ಮಕ್ಕಳು ಸೊರಗ್ತಾವೆ. ಹೆಂಗಸರು ಈ ಗೋಳು ಹೇಳ್ಕೊಂಡಾಗ ಮಾಥಾಯ್ ಅಂದಿದ್ದು, ಹಂಗಾದ್ರೆ ಮರ ಬೆಳೆಸೋಣ ಅಂತ. 1977ರ ಜೂನ್ 5ಕ್ಕೆ ನೈರೋಬಿಯ ಒಂದು ಪಾರ್ಕಲ್ಲಿ ನೆಟ್ಟಿದ್ದು ಬರೀ 7 ಗಿಡ, ಗ್ರೀನ್ ಬೆಲ್ಟ್ ಚಳವಳಿ ಶುರುವಾಗಿದ್ದು ಹಂಗೆ.

ಅರಣ್ಯ ಇಲಾಖೆಯೋರಿಗೆ ನಗು, ಸಸಿ ಬೆಳೆಸೋಕೆ ಡಿಪ್ಲೊಮಾ ಬೇಕು ಅಂತ! ಹುಟ್ಟಿದಾಗಿಂದ ಬೀಜ ಬಿತ್ಕೊಂಡೇ ಬಂದೋರಿಗೆ ಈ ಮಾತು. ಹೆಂಗಸರು ಸುತ್ತಮುತ್ತಲ ಮರದಿಂದಾನೇ ಬೀಜ ಆಯ್ದು, ಒಡೆದ ಮಡಕೆ, ಹಳೇ ಡಬ್ಬ ಸಿಕ್ಕಿದ್ರಲ್ಲೆಲ್ಲ ಸಸಿ ಎಬ್ಬಿಸಿದ್ರು. ನನಗೆ ತುಂಬ ಹಿಡಿಸಿದ್ದು ದುಡ್ಡಿನ ಲೆಕ್ಕ: ಚಳವಳಿಯೋರು ಹೆಂಗಸರಿಗೆ ಕೊಡ್ತಿದ್ದಿದ್ದು ಒಂದು ಸಸಿಗೆ ಸುಮಾರು 4 ಅಮೆರಿಕನ್ ಸೆಂಟು, ಅದೂ ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ. (ನಮ್ಮ ವನಮಹೋತ್ಸವಕ್ಕೂ ಇದೇ ರೂಲು ಮಾಡಿದ್ರೆ ಎಷ್ಟು ಜನ ಫೋಟೋಗೆ ನಿಲ್ತಾರೋ!)

ಇನ್ನು ಶಾಂತಿ. ಜಗಳ ಹುಟ್ಟೋದೇ ನೀರು, ಜಮೀನು, ಕಾಡಿಗೆ ಅಲ್ವಾ. ಮರ ಉಳಿಸೋಕೆ ಹೋದ್ರೆ ಜಮೀನು ನುಂಗೋರು ಎದುರಾಗೇ ಆಗ್ತಾರೆ. 1989ರಲ್ಲಿ ನೈರೋಬಿಯ ಉಹುರು ಪಾರ್ಕಲ್ಲಿ 60 ಮಹಡಿ ಕಟ್ಟಡ ಎಬ್ಬಿಸೋಕೆ ಸರ್ಕಾರ ಹೊರಟಾಗ ಮಾಥಾಯ್ ಅಡ್ಡ ನಿಂತ್ರು, ಸಂಸತ್ತಲ್ಲಿ ಬೈಸಿಕೊಂಡ್ರು, ಆಫೀಸು ಖಾಲಿ ಮಾಡಬೇಕಾಯ್ತು, ಆದ್ರೆ ಕಟ್ಟಡ ಏಳಲಿಲ್ಲ. ಹತ್ತು ವರ್ಷ ಆದಮೇಲೆ ನೈರೋಬಿಯದೇ ಕರೂರ ಕಾಡು ಉಳಿಸೋಕೆ ಹೋಗಿ ತಲೆಗೇ ಏಟು ತಿಂದ್ರು.

ಪ್ರಶ್ನೆ: ಔಷಧಿ ಹೊಡೀದೆ ಮೆಕ್ಕೆಜೋಳದ ಕಾಂಡಕೊರಕ ಓಡಿಸ್ತಾರಂತೆ ಕೀನ್ಯಾದಲ್ಲಿ, ನಿಜಾನಾ?
— ಇನ್ನೊಬ್ಬ ಓದುಗರು, ಹಾವೇರಿ

ಉತ್ತರ: ನಿಜ. ಸಾಲಿನ ಮಧ್ಯೆ ಡೆಸ್ಮೋಡಿಯಂ ಅನ್ನೋ ದ್ವಿದಳ ಮೇವಿನ ಗಿಡ, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ವಾಸನೆಗೆ ಕಾಂಡಕೊರಕದ ಚಿಟ್ಟೆ ದೂರ ಹೋಗುತ್ತೆ, ನೇಪಿಯರ್ ಅದನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ಬೆಳೆ ಬೇರಿಗೇ ಅಂಟಿ ಹೀರೋ ಸ್ಟ್ರೈಗ ಕಳೇನೂ ಡೆಸ್ಮೋಡಿಯಂ ತಡೆಯುತ್ತೆ, ಅಂದ್ರೆ ಹೆಂಗಸರು ಬಗ್ಗಿ ಬಗ್ಗಿ ಕೀಳೋದು ತಪ್ಪಿತು, ಹಸುವಿಗೆ ಮೇವೂ ಸಿಕ್ತು.