ಮನೆಯ ನಾಸ್ ಪೆಟ್ಟಿಗೆಗೆ ಯಾವ ಹಾರ್ಡ್ ಡಿಸ್ಕ್?

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. ಮನೆಯ ಸಂಗೀತ ಬೈಠಕ್‌ಗಳಲ್ಲಿ ನಮ್ಮ ತಂದೆಯವರು ಮುದ್ರಿಸಿಕೊಂಡಿದ್ದ ಸುಮಾರು 400 ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ; ಹೆಚ್ಚಿನವು 90 ನಿಮಿಷದವು. ಬೆಂಗಳೂರಿನಲ್ಲಿರುವ ಮಗ ಮನೆಯ ಜಾಲಕ್ಕೆ ಸೇರಿಸಿ ಕಡತಗಳನ್ನು ಕೂಡಿಡುವ, ಎರಡು ಡಿಸ್ಕ್ ಹಿಡಿಯುವ ನಾಸ್ ಪೆಟ್ಟಿಗೆಯೊಂದನ್ನು ಕಳಿಸಿ, ಡಿಸ್ಕ್‌ಗಳನ್ನು ಮಾತ್ರ ಇಲ್ಲಿಯೇ ಕೊಳ್ಳಲು ಹೇಳಿದ್ದಾನೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೇಳಿದರೆ, ಸಾದಾ ಡೆಸ್ಕ್‌ಟಾಪ್ ಡಿಸ್ಕೇ ಸಾಕು, ಇಲ್ಲವೇ ಸಿಸಿ ಕ್ಯಾಮೆರಾದ ಡಿಸ್ಕ್ ಒಯ್ಯಿರಿ, ನಾಸ್ ಡಿಸ್ಕ್ ಎಂಬುದೆಲ್ಲ ಬರೀ ಹೆಸರಿಗೆ ಕೊಡುವ ದುಡ್ಡು ಎನ್ನುತ್ತಾರೆ. ಇದು ನಿಜವೇ? ಎಷ್ಟು ಟಿಬಿ ಬೇಕಾದೀತು?
– ಓದುಗರು, ಸಾಧನಕೇರಿ, ಧಾರವಾಡ

ಉತ್ತರ: ಅಂಗಡಿಯವರ ಮಾತಿನಲ್ಲಿ ಸ್ವಲ್ಪ ನಿಜವಿದೆ, ಆದರೆ ತಮಗೆ ತೊಂದರೆ ಕೊಡುವುದು ಉಳಿದ ಭಾಗ.

ಮೊದಲು ಲೆಕ್ಕ ಮುಗಿಸೋಣ. ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೆ 90 ನಿಮಿಷದ ಒಂದು ಕ್ಯಾಸೆಟ್‌ಗೆ ಸುಮಾರು 950 ಎಂಬಿ ಬೇಕಾಗುತ್ತದೆ, ಅಂದರೆ 400 ಕ್ಯಾಸೆಟ್‌ಗಳೂ 400 ಜಿಬಿಯೊಳಗೆ ಮುಗಿಯುತ್ತವೆ. ತಾವು ಅದಕ್ಕಿಂತ ಮೇಲಿನ ಗುಣಮಟ್ಟವಾದ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸುತ್ತಿದ್ದರೆ ಒಂದೊಂದಕ್ಕೆ 3.1 ಜಿಬಿ, ಒಟ್ಟು 1.25 ಟಿಬಿಯಷ್ಟಾಗುತ್ತದೆ. ಫ್ಲ್ಯಾಕ್ ರೂಪಕ್ಕೆ ಬದಲಿಸಿದರೆ ಧ್ವನಿಯಲ್ಲಿ ಏನೂ ಕಳೆಯದೆ ಈ ಗಾತ್ರ ಇನ್ನೂ ಇಳಿಯುತ್ತದೆ. ಮನೆಯ ಫೋಟೊ, ಮದುವೆಯ ವಿಡಿಯೊ ಎಲ್ಲ ಸೇರಿದರೂ 4 ಟಿಬಿಯ ಎರಡು ಡಿಸ್ಕ್‌ಗಳನ್ನು ಹಾಕಿ, ಒಂದರ ಪಡಿಯಚ್ಚು ಇನ್ನೊಂದರಲ್ಲಿ ಇರುವಂತೆ ಮಿರರ್ ವಿಧಾನದಲ್ಲಿ ಜೋಡಿಸಿದರೆ ಸಾಕು. ಪೆಟ್ಟಿಗೆಯು ಅದನ್ನು 3.6 ಟಿಬಿ ಎಂದು ತೋರಿಸಿದಾಗ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರವು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಇನ್ನು ಡಿಸ್ಕಿನ ಜಾತಿ. ಕಂಪನಿಯ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ ಅದು ಸಿಎಂಆರ್ ಡಿಸ್ಕೋ, ಎಸ್‌ಎಂಆರ್ ಡಿಸ್ಕೋ ಎಂಬುದು. ಸಿಎಂಆರ್ ಡಿಸ್ಕಿನಲ್ಲಿ ಮಾಹಿತಿಯ ಪಟ್ಟಿಗಳು ಪಡಸಾಲೆಗೆ ಹಾಸಿದ ಶಹಾಬಾದಿ ಫರಸಿಗಳ ಹಾಗೆ ಒಂದರ ಪಕ್ಕ ಒಂದು ಇರುತ್ತವೆ. ಯಾವುದೊಂದನ್ನು ಕಿತ್ತು ಬೇರೆ ಹಾಕಿದರೂ ಪಕ್ಕದ್ದು ಅಲುಗುವುದಿಲ್ಲ. ಎಸ್‌ಎಂಆರ್ ಎಂಬ ಹೆಸರೇ ಹೆಂಚಿನ ಹೊದಿಕೆಯಿಂದ ಬಂದದ್ದು; ಅದರ ಮೊದಲ ಅಕ್ಷರ ‘ಶಿಂಗಲ್ಡ್’, ಅಂದರೆ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ್ದು. ಬರೆಯುವ ಮುಳ್ಳು ಓದುವ ಮುಳ್ಳಿಗಿಂತ ಅಗಲವಾದುದರಿಂದ, ಬರೆದ ಪಟ್ಟಿಯ ಒಂದು ಅಂಚು ಮಾತ್ರ ಕಾಣುವಂತೆ ಅದರ ಮೇಲೆ ಮುಂದಿನ ಪಟ್ಟಿಯನ್ನು ಹೊದಿಸುತ್ತ ಹೋದರೆ ಅದೇ ತಟ್ಟೆಯಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ. ಆದರೆ ನಡುವಿನ ಒಂದು ಹೆಂಚು ಒಡೆದರೆ ಏನು ಮಾಡುತ್ತೇವೆಂಬುದು ಹಳೆಯ ಮನೆಯಲ್ಲಿದ್ದವರಿಗೆಲ್ಲ ಗೊತ್ತು: ಅದರ ಮೇಲೆ ಕೂತ ಹೆಂಚುಗಳನ್ನೂ ಎತ್ತಿ ಮತ್ತೆ ಕೂರಿಸಬೇಕು. ಎಸ್‌ಎಂಆರ್ ಡಿಸ್ಕ್ ಒಂದು ಕಡೆ ತಿದ್ದಿ ಬರೆಯಬೇಕಾದಾಗ ಮಾಡುವುದೂ ಇದನ್ನೇ.

ದಿನಬಳಕೆಯಲ್ಲಿ ಇದು ಗಮನಕ್ಕೆ ಬರುವುದಿಲ್ಲ, ಏಕೆಂದರೆ ಡಿಸ್ಕು ಬರಹವನ್ನು ಮೊದಲು ಒಂದು ಮೂಲೆಯಲ್ಲಿ ಕೂಡಿಹಾಕಿ, ಬಿಡುವಾದಾಗ ಸರಿಯಾದ ಜಾಗಕ್ಕೆ ಸಾಗಿಸುತ್ತದೆ. ಎರಡರಲ್ಲಿ ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದ ದಿನ ಆ ಬಿಡುವೇ ಸಿಗುವುದಿಲ್ಲ. ಗಂಟೆಗಟ್ಟಲೆ ಒಂದೇ ಸಮನೆ ಬರೆಯಬೇಕಾಗಿ ಬಂದು ವೇಗ ಕುಸಿಯುತ್ತದೆ. ಒಂದು ರಾತ್ರಿಯಲ್ಲಿ ಮುಗಿಯಬೇಕಾದ ಕೆಲಸ ದಿನಗಟ್ಟಲೆ ಹಿಡಿಯಬಹುದು, ಕೆಲವು ವ್ಯವಸ್ಥೆಗಳು ಹೊಸ ಡಿಸ್ಕೇ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಹೊರಗೆ ಹಾಕಲೂಬಹುದು. ಅಷ್ಟೂ ಹೊತ್ತು ತಮ್ಮ ತಂದೆಯವರ ಸಂಗ್ರಹವೆಲ್ಲ ಒಂದೇ ಡಿಸ್ಕಿನ ಮೇಲೆ ನಿಂತಿರುತ್ತದೆ.

ಡೆಸ್ಕ್‌ಟಾಪಿಗೆಂದು ಮಾರುವ 4 ಟಿಬಿ ಡಿಸ್ಕ್‌ಗಳಲ್ಲಿ, ಸೀಗೇಟ್ ಬಾರಾಕುಡಾ ಸೇರಿದಂತೆ ಹಲವು ಎಸ್‌ಎಂಆರ್ ಜಾತಿಯವು. ಹಾಗೆಂದು ಪೆಟ್ಟಿಗೆಯ ಮೇಲೆ ನಾಸ್ ಎಂದು ಬರೆದಿದ್ದರೆ ನಿಶ್ಚಿಂತೆಯೆಂದೂ ಅಲ್ಲ. ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಡಿಸ್ಕ್‌ಗಳು ನಾಸ್‌ಗೆಂದೇ ಮಾರಾಟವಾಗುತ್ತಿದ್ದರೂ, 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಯಿತು. ಆಮೇಲೆ ಕಂಪನಿಯು ಸಿಎಂಆರ್ ಡಿಸ್ಕ್‌ಗಳನ್ನು ರೆಡ್ ಪ್ಲಸ್ ಎಂಬ ಹೆಸರಿನಲ್ಲಿ ಬೇರೆ ಮಾಡಿತು. ಆದ್ದರಿಂದ ರೆಡ್ ಎಂದಷ್ಟೇ ಕೇಳದೆ ರೆಡ್ ಪ್ಲಸ್ ಎಂದು ಪೂರ್ತಿ ಹೆಸರು ಹೇಳಿ ಕೇಳಿ, ಚೀಟಿಯ ಮೇಲಿನ ಮಾದರಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಅಲ್ಲಿಯೇ ನಿಂತು ನೋಡಿಕೊಳ್ಳಿ. 4 ಟಿಬಿ ಡಿಸ್ಕಿನ ಸಂಖ್ಯೆ ಇ-ಎಫ್-ಎ-ಎಕ್ಸ್ ಎಂದು ಮುಗಿದರೆ ಅದು ಎಸ್‌ಎಂಆರ್, ಬಿಡಿ. ಸೀಗೇಟ್ ಐರನ್‌ವುಲ್ಫ್, ತೋಶಿಬಾ ಎನ್300 ಇವೂ ಸಿಎಂಆರ್ ಡಿಸ್ಕ್‌ಗಳೇ.

ನಾಸ್ ಡಿಸ್ಕಿಗೆ ಹೆಚ್ಚು ದುಡ್ಡು ಕೊಡಲು ಇನ್ನೊಂದು ಕಾರಣವೂ ಇದೆ. ಒಂದು ಜಾಗ ಓದಲು ಬಾರದಿದ್ದಾಗ ಡೆಸ್ಕ್‌ಟಾಪ್ ಡಿಸ್ಕ್ ಹಟ ಹಿಡಿದು ನಿಮಿಷಗಟ್ಟಲೆ ಪ್ರಯತ್ನಿಸುವುದುಂಟು. ಒಂಟಿಯಾಗಿದ್ದಾಗ ಆ ಹಟ ಒಳ್ಳೆಯದೇ. ಜೋಡಿಯಲ್ಲಿ ಮಾತ್ರ ಅದು ಕೇಡು, ಏಕೆಂದರೆ ಇಂಥ ಪೆಟ್ಟಿಗೆಗಳನ್ನು ಹೆಚ್ಚಾಗಿ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಸಾಮಾನ್ಯವಾಗಿ 30 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಡಿಸ್ಕ್ ಸತ್ತಿತೆಂದು ತಿಳಿಯುತ್ತದೆ. ನಾಸ್ ಡಿಸ್ಕ್ ಸುಮಾರು 7 ಸೆಕೆಂಡಿಗೇ ಪ್ರಯತ್ನ ಬಿಟ್ಟು, ಓದಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ; ಆಗ ಪೆಟ್ಟಿಗೆಯು ಜೊತೆಯ ಡಿಸ್ಕಿನಿಂದ ಅದೇ ತುಣುಕನ್ನು ತಂದು ತುಂಬುತ್ತದೆ. ಕ್ಯಾಮೆರಾದ ಡಿಸ್ಕ್‌ಗಳು ಹಗಲೂ ರಾತ್ರಿ ಬರೆಯುವುದಕ್ಕೆ ಗಟ್ಟಿಯಾದವೇ. ಆದರೆ ದೃಶ್ಯ ತಡೆಯದೆ ಹರಿಯಬೇಕು, ಒಂದೆರಡು ಚೌಕಟ್ಟು ಹೋದರೂ ಚಿಂತೆಯಿಲ್ಲ ಎಂಬ ಲೆಕ್ಕದಲ್ಲಿ ಹದಗೊಳಿಸಿದವು. ರಾತ್ರಿ ಓಣಿಯಲ್ಲಿ ಹಾದುಹೋದ ನಾಯಿಯ ಚಿತ್ರಕ್ಕೆ ಅದು ಸರಿ, ಮತ್ತೆ ಸಿಗದ ಒಂದು ವಿಲಂಬಿತ್ ಖಯಾಲಿಗೆ ನಾನು ಒಪ್ಪುವುದಿಲ್ಲ.

ಪ್ರೊ ಎಂಬ ಹೆಸರಿನವು ತಮಗೆ ಬೇಡ. ಅವುಗಳಿಗೆ 5 ವರ್ಷದ ವಾರಂಟಿ ಇರುವುದು ನಿಜ, ರೆಡ್ ಪ್ಲಸ್ ಮತ್ತು ಐರನ್‌ವುಲ್ಫ್‌ಗಳಿಗೆ 3 ವರ್ಷ. ಆದರೆ ಈ ಎರಡನೆಯವು ಕೂಡ ವರ್ಷಕ್ಕೆ 180 ಟಿಬಿ ಓದು-ಬರಹಕ್ಕೆಂದು ತಯಾರಾದವು, ತಮ್ಮ ಇಡೀ ಸಂಗ್ರಹವೇ ಎರಡು ಟಿಬಿ ದಾಟುವುದಿಲ್ಲ. ನಿಮಿಷಕ್ಕೆ 7200 ಸುತ್ತಿನ ಡಿಸ್ಕನ್ನೂ ಬಯಸಬೇಡಿ. ಮನೆಯ ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಎಂಬಿಯಷ್ಟೇ ಹರಿಯುತ್ತದೆ, ಅದನ್ನು 5400 ಸುತ್ತಿನ ಡಿಸ್ಕೇ ತುಂಬಿಕೊಡುತ್ತದೆ. ಹಾಡು ಕೇಳಲು ಸೆಕೆಂಡಿಗೆ 0.6 ಎಂಬಿ ಸಹ ಬೇಡ. ಹೆಚ್ಚಿನ ಸುತ್ತಿನಿಂದ ಬರುವುದು ಶಾಖ ಮತ್ತು ಸದ್ದು. ನಾನು ನನ್ನ ಪೆಟ್ಟಿಗೆಯನ್ನು ಮೊದಲು ಬಾಗಿಲಿದ್ದ ಗೋಡೆಯ ಕಪಾಟಿನಲ್ಲಿ ಇಟ್ಟಿದ್ದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಡಿಸ್ಕಿನ ಉಷ್ಣತೆ 52 ಡಿಗ್ರಿ ತೋರಿಸಿತು. ಹೊರಗೆ ತಂದು ಮೇಜಿನ ಕೆಳಗೆ, ಗೋಡೆಯಿಂದ ಒಂದು ಗೇಣು ದೂರ ಇಟ್ಟ ಮೇಲೆ 41ಕ್ಕೆ ಇಳಿಯಿತು. ವಾರಕ್ಕೊಮ್ಮೆ ಜಾಲರಿಯ ಧೂಳು ಒರೆಸಬೇಕಾಗುತ್ತದೆ, ಹುಬ್ಬಳ್ಳಿಯಲ್ಲಂತೂ ಎರಡು ಸಲ.

ಡಿಸ್ಕಿನ ಜೊತೆಗೆ ಒಂದು ಸಣ್ಣ ಯುಪಿಎಸ್ ಕೊಳ್ಳಿ. ಯುಎಸ್‌ಬಿ ತಂತಿಯಿಂದ ಪೆಟ್ಟಿಗೆಗೆ ಸೂಚನೆ ಕೊಡುವಂಥದ್ದಾದರೆ, ಕರೆಂಟು ಹೋಗಿ ಬ್ಯಾಟರಿ ಮುಗಿಯುತ್ತ ಬಂದಾಗ ಪೆಟ್ಟಿಗೆ ತಾನಾಗಿಯೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಮನೆಯ ಇನ್ವರ್ಟರ್ ಈ ಸೂಚನೆ ಕೊಡುವುದಿಲ್ಲ.

ಮಿರರ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ತಪ್ಪಿ ಅಳಿಸಿದ ಕಡತವು ಎರಡೂ ಡಿಸ್ಕಿನಿಂದ ಅದೇ ಕ್ಷಣ ಹೋಗುತ್ತದೆ. ಮೂರನೆಯದಾಗಿ ಯುಎಸ್‌ಬಿ ಡಿಸ್ಕೊಂದರಲ್ಲಿ ಪ್ರತಿ ಇಳಿಸಿ ಬೇರೆ ಮನೆಯಲ್ಲಿಡಿ, ದೀಪಾವಳಿಗೆ ಮಗ ಬಂದಾಗ ಅವರ ಕೈಗೆ ಕೊಟ್ಟರೂ ಆದೀತು. ಒಮ್ಮೆ ಬರೆದು ಎತ್ತಿಡುವ ಈ ಕೆಲಸಕ್ಕೆ ಅಗ್ಗದ ಎಸ್‌ಎಂಆರ್ ಡಿಸ್ಕೇ ಸಾಕು; ಅಂಗಡಿಯವರ ಮಾತು ನಿಜವಾಗುವುದು ಇಲ್ಲಿ. ಕ್ಯಾಸೆಟ್‌ಗಳನ್ನು ಮಾತ್ರ ಯಾರು ಹೇಳಿದರೂ ಎಸೆಯಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಹೊಸ ನಾಸ್ ಡಿಸ್ಕ್ ಸಿಗುತ್ತಿದೆ. ಕೊಳ್ಳಬಹುದೇ?
– ಓದುಗರು, ಗದಗ

ಉತ್ತರ: ಹೊಸದು ಎಂಬ ಮಾತನ್ನು ಪರೀಕ್ಷಿಸದೆ ಬೇಡ. ಬಳಸಿದ ಸೀಗೇಟ್ ಡಿಸ್ಕ್‌ಗಳು ಬಳಕೆಯ ಗಂಟೆಗಳ ಎಣಿಕೆಯನ್ನು ಸೊನ್ನೆ ಮಾಡಿಸಿಕೊಂಡು ಹೊಸವೆಂದು ಮಾರಾಟವಾದದ್ದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದಿತು. ಡಿಸ್ಕ್ ಕೈಗೆ ಬಂದ ದಿನವೇ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ, ಎಂದಿನಿಂದ ಎಂದಿನವರೆಗೆ ಎಂಬುದನ್ನು ನೋಡಿ. ಆಮೇಲೆ ಡಿಸ್ಕು ತನ್ನ ಆರೋಗ್ಯವನ್ನು ತಾನೇ ನೋಡಿ ದಾಖಲಿಸುವ ಸ್ಮಾರ್ಟ್ ತಪಾಸಣೆಯ ದೀರ್ಘ ಪರೀಕ್ಷೆ ನಡೆಸಿ. 4 ಟಿಬಿಗೆ ಹಲವು ಗಂಟೆ ಹಿಡಿಯುತ್ತದೆ. ಅದರ ವರದಿಯಲ್ಲಿ ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೆಯ ಸಾಲುಗಳಲ್ಲಿ ಸೊನ್ನೆಯ ಹೊರತು ಬೇರೇನಾದರೂ ಕಂಡರೆ ಹಿಂದಿರುಗಿಸಿ. 199ನೆಯ ಸಾಲು ಏರಿದ್ದರೆ ಹೆಚ್ಚಾಗಿ ತಪ್ಪು ಕೇಬಲ್ಲಿನದು, ಡಿಸ್ಕಿನದಲ್ಲ.

ಪ್ರಶ್ನೆ: ಹಳೆಯ ಕಂಪ್ಯೂಟರಿನ 1 ಟಿಬಿ ಡಿಸ್ಕನ್ನೂ ಹೊಸ 4 ಟಿಬಿಯನ್ನೂ ಸೇರಿಸಿ ಮಿರರ್ ಮಾಡಬಹುದೇ?
– ಓದುಗರು, ಹಾವೇರಿ

ಉತ್ತರ: ಮಾಡಬಹುದು, ಆದರೆ ಬಳಕೆಗೆ ಸಿಗುವುದು 1 ಟಿಬಿ ಮಾತ್ರ, ಜೋಡಿಯಲ್ಲಿ ಚಿಕ್ಕದರ ಅಳತೆಯೇ ಇಬ್ಬರದೂ. ಹಳೆಯದನ್ನು ಯುಎಸ್‌ಬಿ ಕವಚದಲ್ಲಿ ಹಾಕಿ, ಹೋದರೂ ಚಿಂತೆಯಿಲ್ಲದ ಸಿನಿಮಾಗಳಿಗೆ ಬಿಡಿ.